ಜೋಸೆಫನ ಕೋಟು, ಮೇಷ್ಟ್ರ ಪ್ರಶ್ನೆ

ಓದುಗರ ಪತ್ರ: ನ್ಯೂಜೆರ್ಸಿಯ ಮಗಳ ಮನೆಗೆ ಹೋಗಿದ್ದೆ. ನಾಲ್ಕು ವರ್ಷದ ಮೊಮ್ಮಗ ಲೈಬ್ರರಿಯಿಂದ ತಂದ ಒಂದು ಯಹೂದಿ ಚಿತ್ರಪುಸ್ತಕವನ್ನು ದಿನಕ್ಕೆ ಮೂರು ಸಲ ಓದಿಸಿಕೊಳ್ಳುತ್ತಿದ್ದ. ಜೋಸೆಫ್ ಎಂಬವನು ಹಳೇ ಕೋಟನ್ನು ಕತ್ತರಿಸುತ್ತಾ ಕತ್ತರಿಸುತ್ತಾ ಕೊನೆಗೆ ಒಂದು ಗುಂಡಿಗೆ, ಅಂದರೆ ಬಟನ್ನಿಗೆ, ಬಂದು ನಿಲ್ಲುತ್ತಾನೆ, ಅಷ್ಟೇ ಕಥೆ. ಮಕ್ಕಳಿಗೆ ಒಳ್ಳೆಯ ಗುಣ ಕಲಿಸೋ ಪುಸ್ತಕ ಅಂತ ಮಗಳು ಹೇಳಿದಳು. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದ ನನಗೆ ಅದರಲ್ಲಿ ನೀತಿ ಎಲ್ಲಿದೆ ಅಂತ ಗೊತ್ತಾಗಲಿಲ್ಲ. ನಿಮಗೆ ಗೊತ್ತೇ?
— ನಿವೃತ್ತ ಶಿಕ್ಷಕರು, ತಿಪಟೂರು

ಸಂಪಾದಕರ ಉತ್ತರ:

ಮೇಷ್ಟ್ರೇ, ನೀವು ನೋಡಿದ್ದು ಸಿಮ್ಸ್ ಟಾಬ್ಯಾಕ್ ಅವರ ‘ಜೋಸೆಫ್ ಹ್ಯಾಡ್ ಎ ಲಿಟಲ್ ಓವರ್‌ಕೋಟ್’ ಇರಬೇಕು. ಮಕ್ಕಳ ಚಿತ್ರಪುಸ್ತಕಗಳಿಗೆ ಅಮೆರಿಕದಲ್ಲಿ ಕೊಡುವ ಕಾಲ್ಡೆಕಾಟ್ ಪದಕವನ್ನು 2000ರಲ್ಲಿ ಪಡೆದ ಪುಸ್ತಕ. ಅದರ ಬೇರು ಒಂದು ಯಿಡ್ಡಿಷ್ ಹಾಡಿನಲ್ಲಿದೆ. ಯಿಡ್ಡಿಷ್ ಅಂದರೆ ಪೂರ್ವ ಯುರೋಪಿನ ಯಹೂದಿಗಳ ಮನೆಮಾತಾಗಿದ್ದ ಭಾಷೆ.

ಮೊಮ್ಮಗ ಮೂರು ಸಲ ಓದಿಸಿಕೊಂಡದ್ದು ಸುಮ್ನೆ ಅಲ್ಲ. ಆ ಪುಟಗಳಲ್ಲಿ ತೂತುಗಳಿವೆ. ಕೋಟಿನ ಪುಟದ ತೂತಿನ ಸುತ್ತ ಬೆರಳಾಡಿಸಿ ಹಾಳೆ ತಿರುಗಿಸಿದರೆ ಕೋಟು ಹೋಗಿ ಜಾಕೆಟ್ಟು ಬಂದಿರುತ್ತದೆ. ಆಮೇಲೆ ವೇಸ್ಟ್‌ಕೋಟು, ಸ್ಕಾರ್ಫು, ಟೈ, ಕರ್ಚೀಫು, ಗುಂಡಿ. ಜೋಸೆಫನೋ, ಜಾಕೆಟ್ಟು ತೊಟ್ಟು ಜಾತ್ರೆಗೆ ಹೊರಡುತ್ತಾನೆ. ವೇಸ್ಟ್‌ಕೋಟಾದಾಗ ನೆಂಟರ ಮದುವೆಯಲ್ಲಿ ಕುಣಿಯುತ್ತಾನೆ. ತೇಪೆ ಬಟ್ಟೆ ಅಂತ ಒಮ್ಮೆಯೂ ಮುಖ ಸಣ್ಣದು ಮಾಡಿಕೊಳ್ಳುವುದಿಲ್ಲ. ನೀವು ಹುಡುಕುತ್ತಿದ್ದ ನೀತಿ ಆ ಕುಣಿತದಲ್ಲೇ ಇದೆ ಅನ್ನಿಸುತ್ತದೆ ನನಗೆ.

ಹಳೆಯದನ್ನು ಎಸೆಯದೆ ಖುಷಿಯಿಂದ ಬಳಸುವ ಈ ಗುಣವನ್ನು ಯಹೂದಿಗಳು ‘ಬಾಲ್ ತಶ್ಖಿತ್’ ಅನ್ನುತ್ತಾರೆ. ಹಾಳು ಮಾಡಬೇಡ ಅಂತ ಅರ್ಥ. ಅವರ ಧರ್ಮಗ್ರಂಥವಾದ ತೋರಾದ ಐದನೇ ಪುಸ್ತಕದಲ್ಲಿ, ಅಂದರೆ ಕನ್ನಡ ಬೈಬಲ್ಲಿನ ಧರ್ಮೋಪದೇಶಕಾಂಡದಲ್ಲಿ, ಒಂದು ಯುದ್ಧದ ನಿಯಮ ಬರುತ್ತದೆ: ಊರಿಗೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರ ಕಡಿಯಬಾರದು. ಮುಂದೆ ಅವರ ಪಂಡಿತರು ಇದನ್ನೇ ಬಟ್ಟೆಗೆ, ಪಾತ್ರೆಗೆ, ಅನ್ನಕ್ಕೂ ಹಿಗ್ಗಿಸಿದರು. ಇಷ್ಟೆಲ್ಲ ನಾಲ್ಕು ವರ್ಷದವನಿಗೆ ಹೇಳಿದರೆ ಆಕಳಿಸುತ್ತಾನೆ. ತೂತು ತೋರಿಸಿದರೆ ಬೆರಳು ಹಾಕುತ್ತಾನೆ.

ಕೊನೆಯಲ್ಲಿ ಒಂದು ‘ನೀತಿ’ ಬೇರೆ ಇದೆ, ಗಮನಿಸಿದಿರಾ? ಗುಂಡಿಯೂ ಕಳೆದುಹೋಗುತ್ತದೆ. ಜೋಸೆಫ್ ಅದರ ಬಗ್ಗೆಯೇ ಒಂದು ಪುಸ್ತಕ ಬರೆಯುತ್ತಾನೆ. ಏನೂ ಇಲ್ಲದ್ದರಿಂದಲೂ ಏನಾದರೂ ಮಾಡಬಹುದು ಅಂತ ಕಥೆ ಮುಗಿಯುತ್ತದೆ. ನಮ್ಮ ‘ಈ ಕಥೆಯ ನೀತಿ ಏನೆಂದರೆ...’ಯನ್ನೇ ಅಣಕಿಸಿದ ಹಾಗಿದೆ ಅಲ್ವಾ?

ಈ ಎಸೆಯದ ಅಭ್ಯಾಸದ ಬಗ್ಗೆ ಒಂದು ಅಡ್ಡಮಾತು. ದೇವರ ಹೆಸರಿರುವ ಹಾಳೆಯನ್ನು ಯಹೂದಿಗಳು ಕಸಕ್ಕೆ ಹಾಕುವುದಿಲ್ಲ, ಒಂದು ಕೋಣೆಯಲ್ಲಿ ತುಂಬಿಡುತ್ತಾರೆ. ಕೈರೋದ ಹಳೇ ಪ್ರಾರ್ಥನಾ ಮಂದಿರದ ಅಂಥ ಕೋಣೆಯಲ್ಲಿ ಎಲ್ಲ ಬಗೆಯ ಕಾಗದವೂ ಸೇರಿಕೊಂಡಿತ್ತು. 12ನೇ ಶತಮಾನದಲ್ಲಿ ನಮ್ಮ ಮಂಗಳೂರಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಅಬ್ರಹಾಂ ಬೆನ್ ಯಿಜುವಿನ ಕಾಗದಗಳು ಉಳಿದು ಬಂದದ್ದು ಅಲ್ಲಿಂದಲೇ. ಅದೇ ರಾಶಿಯಲ್ಲಿ ಮಕ್ಕಳು ಅಕ್ಷರ ಕಲಿತ ಹಾಳೆಗಳೂ ಸಿಕ್ಕಿವೆ. ಕೆಲವಕ್ಕೆ ಬಣ್ಣದ ಚಿತ್ರವೂ ಇದೆ!

ಇನ್ನೊಂದು ಮಾತು ‘ತ್ಸೆದಾಕಾ’. ನಾವು ಥಟ್ಟನೆ ದಾನ ಅಂದುಬಿಡುತ್ತೇವೆ. ಆದರೆ ಆ ಪದ ಹುಟ್ಟಿದ್ದು ‘ತ್ಸೆದೆಕ್’ನಿಂದ, ಅಂದರೆ ನ್ಯಾಯ. ಕೊಡುವವನು ದೊಡ್ಡವನಾಗುವುದಿಲ್ಲ, ತನ್ನ ಪಾಲಿನ ಬಾಕಿ ತೀರಿಸುತ್ತಾನೆ. ಅದಕ್ಕಂತಲೇ ಮನೆಯಲ್ಲಿ ಒಂದು ಡಬ್ಬಿ ಇರುತ್ತದೆ. ಎಷ್ಟೋ ಮನೆಗಳಲ್ಲಿ ಶುಕ್ರವಾರ ಸಂಜೆ, ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಮೇಣದಬತ್ತಿ ಹಚ್ಚುವ ಮುಂಚೆ ಮಗು ಅದಕ್ಕೆ ಕಾಸು ಹಾಕುತ್ತದೆ. ಚಿತ್ರಪುಸ್ತಕಗಳಲ್ಲಿ ಆ ಡಬ್ಬಿ ಎಲ್ಲೋ ಕಿಟಕಿ ಪಕ್ಕ ಕೂತಿದ್ದರೂ ಸಾಕು. ಮಗು ಗುರುತು ಹಿಡಿದು ‘ನಮ್ಮನೇಲೂ ಇದೆ’ ಅನ್ನುತ್ತದೆ.

ಎಲ್ಲ ಪುಸ್ತಕಗಳೂ ಹೀಗಿಲ್ಲ ಬಿಡಿ. ಪುಟಪುಟಕ್ಕೂ ಒಂದು ಹೀಬ್ರೂ ಪದ ಹಾಕಿ, ಅಜ್ಜನ ಬಾಯಲ್ಲಿ ಅರ್ಥ ಹೇಳಿಸಿ, ಕೊನೆಗೆ ಮಗುವಿನ ತಲೆ ಸವರುವವೂ ಬೇಕಾದಷ್ಟಿವೆ. ಅಂಥವನ್ನು ಮಕ್ಕಳು ಎರಡನೇ ಸಲ ಕೇಳುವುದಿಲ್ಲ.

ನನಗೆ ತುಂಬಾ ಹಿಡಿಸಿದ್ದು ಪಿಜೆ ಲೈಬ್ರರಿಯವರ ಉಪಾಯ. 2005ರಲ್ಲಿ ಹೆರಾಲ್ಡ್ ಗ್ರಿನ್‌ಸ್ಪೂನ್ ಎಂಬವರು ಮಸಾಚುಸೆಟ್ಸ್‌ನಲ್ಲಿ ಶುರು ಮಾಡಿದ್ದು. ಯಹೂದಿ ಮನೆಗಳಿಗೆ ತಿಂಗಳು ತಿಂಗಳು ಮಕ್ಕಳ ಪುಸ್ತಕ ಅಂಚೆಯಲ್ಲಿ ಬರುತ್ತದೆ, ದುಡ್ಡು ಕೊಡಬೇಕಿಲ್ಲ. ಪಿಜೆ ಅಂದರೆ ಪೈಜಾಮ, ಮಲಗುವ ಮುಂಚಿನ ಕಥೆ ಅಂತ. ಈ ಪುಸ್ತಕಗಳಲ್ಲೂ ನೀತಿಯ ವಿವರಣೆ ಅಚ್ಚಾಗಿರುತ್ತದೆ. ಆದರೆ ಕಥೆಯ ಕೆಳಗಲ್ಲ, ಹೊದಿಕೆಯ ಮಡಿಕೆಯಲ್ಲಿ, ಅದೂ ಅಪ್ಪ ಅಮ್ಮನಿಗೆ. ಮಗುವಿಗೆ ಕಥೆ, ದೊಡ್ಡವರಿಗೆ ಪಾಠ. ನಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ನಾವು ಇಷ್ಟು ವರ್ಷ ಇದನ್ನೇ ತಿರುಗಾಮುರುಗಾ ಮಾಡಿಕೊಂಡು ಬಂದಿದ್ದೇವೆ. ಮುಂದಿನ ಸಂಚಿಕೆಯಿಂದ ಆ ‘ನೀತಿ:’ ಸಾಲು ಇರುವುದಿಲ್ಲ. ಬೈಯುವುದಿದ್ದರೆ ಬರೆಯಿರಿ.

ಮೊಮ್ಮಗ ರಜೆಗೆ ತಿಪಟೂರಿಗೆ ಬಂದಾಗ, ನೀವು ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಹಳೇ ಕೋಟು ಇದ್ದರೆ ಅವನ ಮುಂದೆ ಹರವಿ, ‘ಇದರಲ್ಲಿ ಏನು ಮಾಡೋಣ?’ ಅಂತ ಕೇಳಿ. ಕತ್ತರಿ ಮಾತ್ರ ನಿಮ್ಮ ಕೈಯಲ್ಲೇ ಇರಲಿ.

— ಸಂ.