ಮೊದಲ ಟೆಲಿಸ್ಕೋಪ್ ಜೊತೆಗೆ ಐಪೀಸ್ ಪೆಟ್ಟಿಗೆಯನ್ನೂ ಕೊಳ್ಳಬೇಕೇ?

ನಿಮ್ಮ ಪ್ರಶ್ನೆ ಇಷ್ಟು: ಮನೆ ಮಂಡ್ಯದಲ್ಲಿ, ನೋಡುವುದು ತಾರಸಿಯಿಂದ, ತಿಂಗಳಿಗೊಮ್ಮೆ ಮಳವಳ್ಳಿ ಕಡೆಯ ನಿಮ್ಮೂರ ಹೊಲದಿಂದ. 130 ಮಿಮೀ ಕನ್ನಡಿಯ ಇಕ್ವಟೋರಿಯಲ್ (ಧ್ರುವಕ್ಕೆ ಅಕ್ಷ ನೆಟ್ಟು ತಿರುಗಿಸುವ ಸ್ಟ್ಯಾಂಡಿನದು) ತಗೊಳ್ಳಲೋ, 8 ಇಂಚಿನ ಕನ್ನಡಿಯ ಡಾಬ್ಸೋನಿಯನ್ (ಚಿಕ್ಕದಾಗಿ ಡಾಬ್, ಮರದ ಪೀಠದ ಮೇಲೆ ಕೈಯಿಂದ ತಿರುಗಿಸುವುದು) ತಗೊಳ್ಳಲೋ ಎಂಬ ಗೊಂದಲ. ಜೊತೆಗೆ ಐದು ಐಪೀಸ್ (ಕಣ್ಣಿಟ್ಟು ನೋಡುವ ಮಸೂರ), ಒಂದು ಬಾರ್ಲೊ (ಐಪೀಸಿನ ವರ್ಧನೆ ಹೆಚ್ಚಿಸುವ ಮಸೂರ), ಬಣ್ಣದ ಫಿಲ್ಟರುಗಳು ಇರುವ ಅಲ್ಯೂಮಿನಿಯಂ ಪೆಟ್ಟಿಗೆಯನ್ನೂ ಕೊಂಡುಬಿಡಲೇ ಎಂದಿದ್ದೀರಿ. ಕನ್ನಡಕದ ನಂಬರ್ ಮೈನಸ್ 3.

ಡಾಬ್ ತಗೊಳ್ಳಿ, ಪೆಟ್ಟಿಗೆ ಬಿಡಿ. ಪೆಟ್ಟಿಗೆಯ ದುಡ್ಡಿನಲ್ಲಿ ಒಂದೊಂದಾಗಿ ಐಪೀಸ್ ಕೊಳ್ಳಿ. ಬೇರೊಂದು ಐಪೀಸ್ ಈಗಾಗಲೇ ಮಾಡುತ್ತಿರುವ ಕೆಲಸಕ್ಕೆ ಇನ್ನೊಂದನ್ನು ತರಬೇಡಿ.

ಮೊದಲು ಸ್ಟ್ಯಾಂಡಿನ ವಿಷಯ. ಇಕ್ವಟೋರಿಯಲ್ ಮೌಂಟಿನ ಒಂದು ಅಕ್ಷವನ್ನು ಧ್ರುವ ನಕ್ಷತ್ರದ ದಿಕ್ಕಿಗೆ, ಅಂದರೆ ಊರಿನ ಅಕ್ಷಾಂಶದಷ್ಟೇ ಎತ್ತರಕ್ಕೆ ನೆಡಬೇಕು. ಮಂಡ್ಯಕ್ಕೆ ಅದು ಸುಮಾರು 12.5 ಡಿಗ್ರಿ, ಮೈಸೂರಿಗೆ 12.3. ಅಷ್ಟು ಕೆಳಗಿರುವ ಧ್ರುವವನ್ನು ಮರೆಮಾಡಲು ಪಕ್ಕದ ಮನೆಯ ನೀರಿನ ಟ್ಯಾಂಕೋ ಒಂದು ತೆಂಗಿನ ಮರವೋ ಸಾಕು. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಈ ಮೌಂಟುಗಳನ್ನು ಹೆಚ್ಚಾಗಿ 35ರಿಂದ 50 ಡಿಗ್ರಿ ಅಕ್ಷಾಂಶದ ದೇಶಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿರುತ್ತಾರೆ. ನಮ್ಮಲ್ಲಿ ಅಕ್ಷ ಹೆಚ್ಚುಕಡಿಮೆ ಮಲಗಿಬಿಡುತ್ತದೆ. ಆಗ ಕೌಂಟರ್‌ವೇಟ್ (ಕೊಳವೆಗೆ ಎದುರು ಭಾರ) ಹೊತ್ತ ಸರಳು ಸ್ಟ್ಯಾಂಡಿನ ಕಾಲಿಗೆ ತಗಲುತ್ತದೆ, ಇಡೀ ಭಾರ ಒಂದು ಕಡೆಗೆ ವಾಲುತ್ತದೆ. ಅಗ್ಗದ ಸೆಟ್ಟುಗಳ ತೆಳುಗಾಲಿನ ಸ್ಟ್ಯಾಂಡಾದರೆ ಫೋಕಸ್ ಗುಬ್ಬಿ ಮುಟ್ಟಿದಾಗಲೆಲ್ಲ ಶನಿ ಕುಣಿಯುತ್ತದೆ. ಉದ್ದ ಎಕ್ಸ್‌ಪೋಷರಿನ ಫೋಟೋ ಆಸೆ ಇದ್ದವರಿಗೆ ಇಕ್ವಟೋರಿಯಲ್ ಬೇಕೇ ಬೇಕು, ಆದರೆ ಅದಕ್ಕೆ ಈ ದರ್ಜೆಯ ಮೌಂಟ್ ಸಾಲದು. ಕಣ್ಣಿಟ್ಟು ನೋಡುವವರಿಗೆ ಡಾಬಿನ ಮರದ ಪೀಠವೇ ಗಟ್ಟಿ. 8 ಇಂಚಿನ ಕನ್ನಡಿ 130 ಮಿಮೀ ಕನ್ನಡಿಗಿಂತ ಹತ್ತಿರ ಹತ್ತಿರ ಎರಡೂವರೆ ಪಟ್ಟು ಬೆಳಕು ಹಿಡಿಯುತ್ತದೆ. ಕೊಳವೆ ಸುಮಾರು ನಾಲ್ಕು ಅಡಿ ಉದ್ದ, ಕಾರಿನ ಹಿಂದಿನ ಸೀಟಿನ ಮೇಲೆ ಅಡ್ಡಲಾಗಿ ಕೂರುತ್ತದೆ. ಬೈಕಿನಲ್ಲಿ ಸಾಗಿಸುವ ಮಾತು ಬೇಡ.

ಡಾಬಿಗೂ ನಮ್ಮ ಕಡೆ ಒಂದು ತೊಡಕಿದೆ. ಗ್ರಹಗಳು ಇಲ್ಲಿ ತುಂಬಾ ಎತ್ತರದಲ್ಲಿ ಸಾಗುತ್ತವೆ. ತೀರಾ ದಕ್ಷಿಣಕ್ಕೆ ಇಳಿದಾಗಲೂ ಆಕಾಶದ ಮಧ್ಯರೇಖೆ (ನೆತ್ತಿಯ ಮೇಲೆ ಹಾಯುವ ಉತ್ತರ-ದಕ್ಷಿಣ ಗೆರೆ) ದಾಟುವ ಹೊತ್ತಿಗೆ 50 ಡಿಗ್ರಿಗಿಂತ ಮೇಲಿರುತ್ತವೆ. ಗುರು ಕರ್ಕಾಟಕ, ಸಿಂಹಗಳಲ್ಲಿದ್ದಾಗ ನೆತ್ತಿಯ ಹತ್ತಿರವೇ ಬರುತ್ತಾನೆ. ತೆಳುವಾದ ಗಾಳಿಯ ಮೂಲಕ ನೋಡುತ್ತೇವಾದ್ದರಿಂದ ಇದು ನಮಗೆ ಸಿಕ್ಕ ದೊಡ್ಡ ವರ. ಆದರೆ ಕೊಳವೆ ನೆಟ್ಟಗೆ ನಿಂತಾಗ ಡಾಬನ್ನು ಅಡ್ಡಕ್ಕೆ ತಿರುಗಿಸಲು ಹಿಡಿತವೇ ಸಿಗುವುದಿಲ್ಲ, ಚೂರು ಸರಿಸಲು ಪೀಠವನ್ನು ಗಿರ್ರನೆ ತಿರುಗಿಸಬೇಕಾಗುತ್ತದೆ. ಗ್ರಹ ನೆತ್ತಿಗೆ ಬರುವ ಒಂದು ಗಂಟೆ ಮೊದಲೋ ದಾಟಿದ ಒಂದು ಗಂಟೆಯ ಮೇಲೋ ನೋಡಿದರೆ ಈ ಕಾಟ ಇಲ್ಲ.

ಅಂಗಡಿಯಲ್ಲಿ ಇನ್ನೊಂದು ಮಾಲು ತೋರಿಸಬಹುದು: ಸಂಗಮದೂರ (ಫೋಕಲ್ ಲೆಂತ್, ಬೆಳಕು ಒಂದೆಡೆ ಕೂಡುವ ದೂರ) 1000 ಮಿಮೀ ಎಂದು ಬರೆದಿರುತ್ತದೆ, ಕೊಳವೆ ಮಾತ್ರ ಅದರ ಅರ್ಧದಷ್ಟೇ ಉದ್ದ. ಫೋಕಸರ್ (ಐಪೀಸ್ ಕೂರಿಸಿ ಫೋಕಸ್ ಮಾಡುವ ಭಾಗ) ಒಳಗೆ ಒಂದು ಮಸೂರ ಕೂಡಿಸಿ ದೂರವನ್ನು ಹಿಗ್ಗಿಸಿರುತ್ತಾರೆ. ಅದರ ಕನ್ನಡಿಗಳನ್ನು ಸಾಲಾಗಿ ಹೊಂದಿಸುವುದು ತಲೆನೋವು, ಚಿತ್ರ ಯಾವತ್ತೂ ಮೃದು. ಅದನ್ನು ಮುಟ್ಟಬೇಡಿ.

ಈಗ ಆ ಪೆಟ್ಟಿಗೆ. ಇಂಥವುಗಳಲ್ಲಿ ಸಾಮಾನ್ಯವಾಗಿ 32, 17, 13, 8, 6 ಮಿಮೀ ಸಂಗಮದೂರದ, ಪ್ಲೋಸಲ್ ಎಂಬ ಹಳೆಯ ವಿನ್ಯಾಸದ ಐಪೀಸುಗಳು ಮತ್ತು 2 ಪಟ್ಟಿನ ಬಾರ್ಲೊ ಇರುತ್ತವೆ. ಬಾರ್ಲೊ ಸೇರಿಸಿದರೆ 16, 8.5, 6.5, 4, 3 ಸಿಗುತ್ತವೆ. ಲೆಕ್ಕ ಹಾಕಿ ನೋಡಿ: 17 ಮತ್ತು 16 ಒಂದೇ, 8 ಮತ್ತು 8.5 ಒಂದೇ, 6 ಮತ್ತು 6.5 ಒಂದೇ. ಉಳಿದ 4 ಮತ್ತು 3 ಮಿಮೀ ನಿಮ್ಮ 8 ಇಂಚಿನ ಡಾಬಿನಲ್ಲಿ (ಸಂಗಮದೂರ 1200 ಮಿಮೀ) 300 ಮತ್ತು 400 ಪಟ್ಟು. ವರ್ಷದಲ್ಲಿ ಬೆರಳೆಣಿಕೆಯ ರಾತ್ರಿ ಬಿಟ್ಟರೆ ಗಾಳಿ ಅಷ್ಟಕ್ಕೆ ಒಪ್ಪುವುದಿಲ್ಲ. ಹತ್ತು ವರ್ಧನೆ ಎಂದು ಹೇಳಿದ್ದರಲ್ಲಿ ಕೆಲಸಕ್ಕೆ ಬರುವುದು ಐದೇ. ಪ್ಲೋಸಲ್ ಕೆಟ್ಟ ವಿನ್ಯಾಸ ಅಲ್ಲ. 25, 32 ಮಿಮೀ ಪ್ಲೋಸಲ್ ಇವತ್ತಿಗೂ ದುಡ್ಡಿಗೆ ಮೋಸವಿಲ್ಲದ ಸಾಮಾನು. ಆದರೆ ಪ್ಲೋಸಲಿನಲ್ಲಿ ಕಣ್ಣು ನಿಲ್ಲಬೇಕಾದ ದೂರ ಅದರ ಸಂಗಮದೂರದ ಮುಕ್ಕಾಲು ಭಾಗದಷ್ಟು ಮಾತ್ರ. 6 ಮಿಮೀ ಐಪೀಸಿಗೆ ಅದು ನಾಲ್ಕೂವರೆ ಮಿಮೀ ಆಗುತ್ತದೆ. ರೆಪ್ಪೆಗೂದಲು ಗಾಜಿಗೆ ತಾಗುತ್ತದೆ, ರೆಪ್ಪೆಯ ಎಣ್ಣೆ ಗಾಜಿಗೆ ಹತ್ತುತ್ತದೆ, ಕಣ್ಣಿನ ಬಿಸಿಗೆ ಗಾಜು ಮಂಜಾಗುತ್ತದೆ. ಬಣ್ಣದ ಫಿಲ್ಟರುಗಳು ಪೆಟ್ಟಿಗೆ ತುಂಬಿಸಲಷ್ಟೇ. ಐಪೀಸಿಗೆ ತಿರುಪುವ ‘ಸೂರ್ಯ’ ಎಂದು ಬರೆದ ಕಪ್ಪು ಗಾಜು ಯಾವುದಾದರೂ ಸೆಟ್ಟಿನಲ್ಲಿ ಬಂದರೆ ಅದನ್ನು ಒಡೆದು ಎಸೆಯಿರಿ. ಕನ್ನಡಿ ಕೂಡಿಸಿದ ಬಿಸಿಲಿನ ಶಾಖಕ್ಕೆ ಅದು ಬಿರುಕು ಬಿಟ್ಟರೆ ಕಣ್ಣು ಹೋಗುತ್ತದೆ. ಸೂರ್ಯನಿಗೆ ಫಿಲ್ಟರ್ ಕೊಳವೆಯ ಮುಂದಿನ ಬಾಯಿಗೇ ಬರಬೇಕು.

ಐಪೀಸ್ ಆರಿಸುವಾಗ ಎರಡು ಭಾಗಾಕಾರ ಸಾಕು. ಟೆಲಿಸ್ಕೋಪಿನ ಸಂಗಮದೂರವನ್ನು ಐಪೀಸಿನದರಿಂದ ಭಾಗಿಸಿದರೆ ವರ್ಧನೆ. ಐಪೀಸಿನ ಸಂಗಮದೂರವನ್ನು ಟೆಲಿಸ್ಕೋಪಿನ ಎಫ್ ಅಂಕೆಯಿಂದ (ಸಂಗಮದೂರವನ್ನು ಕನ್ನಡಿಯ ಅಗಲದಿಂದ ಭಾಗಿಸಿದ್ದು), ನಿಮಗಾದರೆ 5.9ರಿಂದ, ಭಾಗಿಸಿದರೆ ಐಪೀಸಿನಿಂದ ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ, ಅಂದರೆ ಎಕ್ಸಿಟ್ ಪ್ಯೂಪಿಲ್. ಜನ ಮೊದಲನೆಯದನ್ನೇ ನೋಡುತ್ತಾರೆ. ನನಗೆ ಎರಡನೆಯದೇ ಮುಖ್ಯ. 5 ಮಿಮೀ ಆಸುಪಾಸು ಇದ್ದರೆ ದೊಡ್ಡ ನೀಹಾರಿಕೆ, ನಕ್ಷತ್ರಗಳ ಹರಡಿದ ಗೊಂಚಲುಗಳಿಗೆ. 2ರಿಂದ 2.5 ಮಿಮೀ ಗೆಲಾಕ್ಸಿ ಮತ್ತು ಗೋಳಗುಚ್ಛಗಳಿಗೆ (ಚೆಂಡಿನಂತೆ ಒತ್ತಾದ ನಕ್ಷತ್ರಗಳ ಗುಂಪು), ಯಾಕೆಂದರೆ ಆಗ ಆಕಾಶದ ಹಿನ್ನೆಲೆ ಕಪ್ಪಾಗುತ್ತದೆ, ವಸ್ತು ಇನ್ನೂ ಮಸುಕಾಗಿರುವುದಿಲ್ಲ. 1 ಮಿಮೀ ಗ್ರಹಗಳಿಗೆ. 0.7ಕ್ಕಿಂತ ಕೆಳಗೆ ಇಳಿದರೆ ನಿಮ್ಮ ಕಣ್ಣೊಳಗಿನ ಎಳೆಗಳೇ ಗುರುವಿನ ಮೇಲೆ ತೇಲಾಡುತ್ತವೆ.

ಡಾಬ್ ಜೊತೆ ಬಹುಪಾಲು 25 ಮತ್ತು 10 ಮಿಮೀ ಐಪೀಸ್ ಕೊಡುತ್ತಾರೆ. 25 ಇಟ್ಟುಕೊಳ್ಳಿ. 10 ಮಿಮೀ ಸಾಮಾನ್ಯವಾಗಿ ಸಪ್ಪೆ, ಮೊದಲು ಬದಲಿಸಬೇಕಾದ್ದು ಅದನ್ನೇ. ನಾನಾದರೆ ಕೊಳ್ಳುವ ಕ್ರಮ ಹೀಗೆ. ಮೊದಲು 9 ಮಿಮೀ, ಸುಮಾರು 66 ಡಿಗ್ರಿ ನೋಟದ್ದು (ಐಪೀಸಿನಲ್ಲಿ ಕಣ್ಣಿಗೆ ಕಾಣುವ ವೃತ್ತದ ಅಗಲ). ‘ಗೋಲ್ಡ್‌ಲೈನ್’ ಎಂದು ಕರೆಯುವ, ಚಿನ್ನದ ಬಣ್ಣದ ಪಟ್ಟಿ ಇರುವ ಸಾಲಿನಲ್ಲಿ 6, 9, 15, 20 ಮಿಮೀ ಸಿಗುತ್ತವೆ. ಅವುಗಳಲ್ಲಿ 6 ಮತ್ತು 9 ನಿಜಕ್ಕೂ ಒಳ್ಳೆಯವು. 15 ಮತ್ತು 20ರಲ್ಲಿ ಮಸೂರದ ವಿನ್ಯಾಸ ಸರಳ, ಎಫ್/6ರ ಟೆಲಿಸ್ಕೋಪಿನಲ್ಲಿ ಅಂಚಿನ ನಕ್ಷತ್ರಗಳು ಹಕ್ಕಿಯ ರೆಕ್ಕೆಯಂತೆ ಹರಡುತ್ತವೆ. 9 ಮಿಮೀ ನಿಮಗೆ 133 ಪಟ್ಟು, ವರ್ಷವಿಡೀ ಹೆಚ್ಚು ಬಳಕೆಯಾಗುವುದು ಇದೇ.

ಎರಡನೆಯದು 6 ಮಿಮೀ, 200 ಪಟ್ಟು. ಇಲ್ಲಿ ಅಗಲ ನೋಟ ಯಾಕೆ ಬೇಕೆಂದರೆ, ಡಾಬಿಗೆ ಮೋಟರಿಲ್ಲ, ಆಕಾಶ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ. 50 ಡಿಗ್ರಿಯ ಪ್ಲೋಸಲಿನಲ್ಲಿ 200 ಪಟ್ಟಿಗೆ ಗ್ರಹ ಒಂದು ನಿಮಿಷದಲ್ಲಿ ಅಂಚಿನಿಂದ ಅಂಚಿಗೆ ಹೋಗಿಬಿಡುತ್ತದೆ. 66 ಡಿಗ್ರಿಯದರಲ್ಲಿ 80 ಸೆಕೆಂಡ್ ಸಿಗುತ್ತದೆ. ಆ 20 ಸೆಕೆಂಡ್ ಅಂದರೆ ಕೊಳವೆಯ ನಡುಕ ನಿಂತ ಮೇಲೆ ನೆಮ್ಮದಿಯಿಂದ ಗುರುವಿನ ಪಟ್ಟೆಗಳನ್ನು ನೋಡುವ ಹೊತ್ತು.

ಮೂರನೆಯದು 2 ಇಂಚು ಬುಡದ (ಫೋಕಸರಿನೊಳಗೆ ಕೂರುವ ಭಾಗ) 30 ಮಿಮೀ ಅಗಲ ನೋಟದ ಐಪೀಸ್, 40 ಪಟ್ಟು. ಒಂದೂಕಾಲು ಇಂಚಿನ ಬುಡದೊಳಗೆ ಹಿಡಿಯುವ ಆಕಾಶಕ್ಕೆ ಮಿತಿ ಇದೆ, ನಿಮ್ಮ ಟೆಲಿಸ್ಕೋಪಿನಲ್ಲಿ ಸುಮಾರು 1.3 ಡಿಗ್ರಿ. 2 ಇಂಚಿನದರಲ್ಲಿ 1.7 ಡಿಗ್ರಿ ದಾಟುತ್ತದೆ, ಕೃತ್ತಿಕೆ ಸುತ್ತಲಿನ ಕತ್ತಲೆಯ ಸಮೇತ ಒಳಗೆ ಕೂರುತ್ತದೆ. ಹೊಲಕ್ಕೆ ಹೋದಾಗ ಇದಕ್ಕೊಂದು ಯುಎಚ್‌ಸಿ ಫಿಲ್ಟರ್ (ಹೆಚ್ಚಾಗಿ ನೀಹಾರಿಕೆಯ ಬೆಳಕನ್ನೇ ಬಿಡುವಂಥದ್ದು) ತಿರುಪಿ ಮಹಾವ್ಯಾಧದ (ಓರಿಯನ್) ನೀಹಾರಿಕೆ ನೋಡಿ. ಊರೊಳಗೆ ಇದರಲ್ಲಿ ಆಕಾಶ ಬೂದಿಬಣ್ಣ ಕಾಣುತ್ತದೆ. ಅದು ಐಪೀಸಿನ ತಪ್ಪಲ್ಲ.

ಕೊನೆಗೆ 15 ಮಿಮೀ ಹತ್ತಿರದ್ದು, 80 ಪಟ್ಟು. ಅದನ್ನು ಕೊನೆಗೆ ಇಟ್ಟಿದ್ದು ಮುಖ್ಯವಲ್ಲ ಎಂದಲ್ಲ, ಇಲ್ಲಿ ಸ್ವಲ್ಪ ಹೆಚ್ಚು ದುಡ್ಡು ಹಾಕಬೇಕು ಎಂದು. ಏಪ್ರಿಲ್ ಕೊನೆ, ಮೇ ರಾತ್ರಿಗಳಲ್ಲಿ ಹತ್ತು ಹನ್ನೊಂದರ ಹೊತ್ತಿಗೆ ದಕ್ಷಿಣ ದಿಗಂತದಿಂದ 30 ಡಿಗ್ರಿ ಮೇಲೆ ಒಮೇಗಾ ಸೆಂಟಾರಿ ಬರುತ್ತದೆ. ಯುರೋಪಿನ ಬಹುಭಾಗದವರಿಗೆ ದಿಗಂತದ ಮೇಲೇ ಬಾರದ ಈ ಗೋಳಗುಚ್ಛ ನಮಗೆ ಹೊಲದ ಬದುವಿನಿಂದ ಕಾಣುತ್ತದೆ. ಹುಣ್ಣಿಮೆ ಚಂದ್ರನಷ್ಟು ಅಗಲ. 80 ಪಟ್ಟಿನಲ್ಲಿ ಸುತ್ತ ಜಾಗ ಬಿಟ್ಟು ಇಡೀ ಗುಚ್ಛ ರವೆ ಚೆಲ್ಲಿದಂತೆ ಬಿಡಿಬಿಡಿಯಾಗುತ್ತದೆ. ಅಂಚಿನವರೆಗೆ ಚೂಪಾಗಿರುವ ಐಪೀಸ್ ಇಲ್ಲಿ ಬೆಲೆಗೆ ತಕ್ಕದ್ದು.

ಅಷ್ಟು ಕೆಳಗೆ ಕೊಳವೆ ಬಗ್ಗಿಸಿದಾಗ 2 ಇಂಚಿನ ಐಪೀಸಿನ ಭಾರಕ್ಕೆ ಮೂತಿ ತಾನಾಗಿಯೇ ಜಾರುತ್ತದೆ. ಕೊಳವೆ ಉಕ್ಕಿನದಾದರೆ ಹಳೇ ಸ್ಪೀಕರಿನ ಆಯಸ್ಕಾಂತ ಒಂದೆರಡನ್ನು ಹಿಂದಿನ ತುದಿಗೆ ಅಂಟಿಸಿ. ಕನ್ನಡಿಯ ಕಡೆ ಭಾರ ಕೂತು ಸಮವಾಗುತ್ತದೆ.

ಈ ನಾಲ್ಕರ ಮೇಲೆ ಆಸೆಯಾದರೆ 82 ಡಿಗ್ರಿಯವು ಇವೆ. 1980ರ ದಶಕದ ಆರಂಭದಲ್ಲಿ ಆಲ್ ನ್ಯಾಗ್ಲರ್ ತಂದ ವಿನ್ಯಾಸದಿಂದ ಅಗಲ ನೋಟದ ಐಪೀಸಿನ ದಾರಿಯೇ ಬದಲಾಯಿತು. ಒಳ್ಳೆಯ ಐಪೀಸ್ ಟೆಲಿಸ್ಕೋಪಿಗಿಂತ ಹೆಚ್ಚು ಕಾಲ ಬಾಳುತ್ತದೆ, ನಾಳೆ 12 ಇಂಚು ಕೊಂಡರೂ ಅದೇ ಬುಡ ಅದಕ್ಕೂ ಕೂರುತ್ತದೆ. ಬಾರ್ಲೊ ಬೇಕಿದ್ದರೆ ಕೊಳ್ಳಿ, ಆದರೆ ಇರುವ ಐಪೀಸುಗಳ ಅರ್ಧದ ಅಂಕೆ ಬರೆದು ನೋಡಿ, ಹೊಸದೇನಾದರೂ ಬಂದರೆ ಮಾತ್ರ. ಝೂಮ್ ಐಪೀಸಿನಲ್ಲಿ ಕಡಿಮೆ ವರ್ಧನೆಯ ತುದಿಯಲ್ಲೇ ನೋಟ 40 ಡಿಗ್ರಿಗೆ ಕಿರಿದಾಗುತ್ತದೆ, ಅಗಲ ಬೇಕಾದಲ್ಲೇ ಸಿಗದು.

ಕನ್ನಡಕದ ಬಗ್ಗೆ ಚಿಂತೆ ಬೇಡ. ಬರೀ ಮೈನಸ್ 3 ಆದರೆ ಕನ್ನಡಕ ತೆಗೆದಿಟ್ಟು ಫೋಕಸ್ ತಿರುಗಿಸಿ. 25 ಮಿಮೀ ಐಪೀಸಿನಲ್ಲಿ ಸುಮಾರು 2 ಮಿಮೀ ಸರಿಸಿದರೆ ಸರಿಹೋಗುತ್ತದೆ. ಮನೆಯವರು ನೋಡುವಾಗ ಮಂಜು ಎಂದರೆ ಮತ್ತೆ ಫೋಕಸ್ ಮಾಡಲು ಹೇಳಿ, ಅಷ್ಟೇ. ಚೀಟಿಯಲ್ಲಿ ಸಿಲಿಂಡರ್ (ಅಸ್ಟಿಗ್ಮಾಟಿಸಂ) ನಂಬರೂ ಇದ್ದರೆ ಮಾತು ಬೇರೆ, ಅದನ್ನು ಫೋಕಸ್ ಸರಿಮಾಡದು. ಆದರೂ ಎಕ್ಸಿಟ್ ಪ್ಯೂಪಿಲ್ 2 ಮಿಮೀಗಿಂತ ಕಡಿಮೆ ಆದಾಗ ಅದರ ತೊಂದರೆ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. 25, 30 ಮಿಮೀ ಐಪೀಸಿಗೆ ಮಾತ್ರ ಕನ್ನಡಕ ಹಾಕಿಕೊಳ್ಳಿ. ಅವುಗಳಲ್ಲಿ ಹೇಗೂ ಕಣ್ಣಿಗೆ ಜಾಗ ಜಾಸ್ತಿ.

ಐಪೀಸ್ ಕೈಗೆ ಬಂದಾಗ, ಹಳೆಯದಾದರೆ ಖಂಡಿತ, ಹೀಗೆ ನೋಡಿ. ಟ್ಯೂಬ್‌ಲೈಟ್ ಕೆಳಗೆ ಹಿಡಿದು ನಿಧಾನ ವಾಲಿಸಿ. ಗಾಜಿನೊಳಗೆ ದೀಪದ ಹಲವು ಪ್ರತಿಬಿಂಬ ಕಾಣುತ್ತವೆ. ಹಸಿರು, ನೇರಳೆ ಬಣ್ಣದವು ಲೇಪನ ಇರುವ ಮೈ. ಹಾಲುಬಿಳುಪಾಗಿ ಹೊಳೆಯುವುದು ಲೇಪನವಿಲ್ಲದ ಮೈ. ಆಮೇಲೆ ಬುಡದಿಂದ ಟಾರ್ಚ್ ಬಿಟ್ಟು ಮೇಲಿನಿಂದ ಓರೆಯಾಗಿ ನೋಡಿ. ಧೂಳು ಇದ್ದರೆ ಪರವಾಗಿಲ್ಲ. ಜೇಡರ ಬಲೆಯಂಥ ಕವಲೊಡೆದ ಎಳೆಗಳು ಕಂಡರೆ ಅದು ಬೂಷ್ಟು. ಮಸೂರಗಳ ನಡುವೆ ಸೇರಿದ್ದರೆ ಮನೆಯಲ್ಲಿ ತೆಗೆಯಲಾಗದು, ಎಷ್ಟೇ ಅಗ್ಗವಾದರೂ ವಾಪಸ್ ಕೊಡಿ. ಬುಡ 0.965 ಇಂಚಿನದಾದರೆ, ಅಂದರೆ ಎರಡೂವರೆ ಸೆಂಟಿಮೀಟರಿಗೂ ಚೂರು ಕಡಿಮೆ ಇದ್ದರೆ, ಬೇಡ.

‘ಐಪೀಸ್ ಸರಿಯಿಲ್ಲ’ ಎಂಬ ದೂರುಗಳಲ್ಲಿ ಅರ್ಧಕ್ಕರ್ಧ ಐಪೀಸಿನದಲ್ಲ. ಒಂದು, ಕನ್ನಡಿಗಳ ಸಾಲು ತಪ್ಪಿರುತ್ತದೆ. ಹೊಲಕ್ಕೆ ಒಯ್ದಾಗಲೆಲ್ಲ ಪರೀಕ್ಷಿಸಿ. ಫೋಕಸರಿಗೆ ಹಾಕಿ ಸಾಲು ನೋಡುವ ಲೇಸರ್ ಬಳಸುವುದಾದರೆ ಮೊದಲು ಲೇಸರನ್ನೇ ಫೋಕಸರಿನಲ್ಲಿ ತಿರುಗಿಸಿ. ಚುಕ್ಕೆ ವೃತ್ತ ಬರೆದರೆ ಲೇಸರೇ ಸೊಟ್ಟ. ಚುಕ್ಕೆ ನಿಂತಲ್ಲೇ ನಿಂತರೆ ಎರಡನೇ ಕನ್ನಡಿಯ (ಫೋಕಸರ್ ಎದುರಿನ ಚಿಕ್ಕದು) ಮೂರು ತಿರುಪುಗಳಿಂದ ಅದನ್ನು ದೊಡ್ಡ ಕನ್ನಡಿಯ ನಡುವಿನ ಉಂಗುರಕ್ಕೆ ತನ್ನಿ, ಆಮೇಲೆ ಹಿಂದಿನ ತಿರುಪುಗಳಿಂದ ಬೆಳಕು ಬಂದ ದಾರಿಯಲ್ಲೇ ಮರಳುವಂತೆ ಮಾಡಿ. ಎರಡು, ಬಿಸಿ. ಬೇಸಿಗೆಯಲ್ಲಿ ಆರ್‌ಸಿಸಿ ತಾರಸಿ ರಾತ್ರಿ ಹತ್ತರವರೆಗೂ ಕಾವು ಬಿಡುತ್ತಿರುತ್ತದೆ, ಗ್ರಹ ಕುದಿಯುವ ನೀರಿನ ತಳದಲ್ಲಿದ್ದಂತೆ ಕಾಣುತ್ತದೆ. ಅಂಗಳದ ಹುಲ್ಲಿನ ಮೇಲಿಡಿ, ಮುಕ್ಕಾಲು ಗಂಟೆ ಕೊಳವೆಯನ್ನು ಆರಲು ಬಿಡಿ.

ನಾಲೆ ಬಯಲಿನ ಗದ್ದೆ, ಕಬ್ಬಿನ ತೋಟಗಳ ನಡುವೆ ಇಬ್ಬನಿ ಬೇಗ ಕಟ್ಟುತ್ತದೆ. ಯೋಗಾ ಮ್ಯಾಟನ್ನು ಕೊಳವೆಯ ಬಾಯಿಗೆ ಒಂದಡಿ ಮುಂದಕ್ಕೆ ಚಾಚುವಂತೆ ಸುತ್ತಿ. ಬಳಸದ ಐಪೀಸಿಗೆ ಮುಚ್ಚಳ ಹಾಕಿಡಿ. ತರಗಿಗೆ ಬೆಂಕಿ ಹಾಕುವ ದಿನ, ಆಲೆಮನೆಯ ಹೊಗೆ ತಗ್ಗಿನಲ್ಲಿ ನಿಂತ ದಿನ ಕೊಳವೆ ತೆರೆಯಬೇಡಿ, ಕರಿ ನೇರ ಕನ್ನಡಿಗೆ ಇಳಿಯುತ್ತದೆ.

ಪೆಟ್ಟಿಗೆ ಬೇಡ ಎಂದದ್ದಕ್ಕೆ ಇನ್ನೂ ಒಂದು ಕಾರಣ ಅದರೊಳಗಿನ ಸ್ಪಂಜು. ಜೂನ್‌ನಿಂದ ಅಕ್ಟೋಬರ್‌ವರೆಗೆ ಅದು ತೇವ ಹೀರಿ ಹಿಡಿದುಕೊಳ್ಳುತ್ತದೆ, ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಗೂಡಿಲ್ಲ. ಐಪೀಸುಗಳನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ, ಜೊತೆಗೆ ಒಂದು ಹಿಡಿ ಸಿಲಿಕಾ ಜೆಲ್ ತೆಳು ಬಟ್ಟೆಯಲ್ಲಿ ಕಟ್ಟಿಡಿ. ಕಿತ್ತಳೆ ಬಣ್ಣದ ಹರಳು ಕೊಳ್ಳಿ, ನೀಲಿಯದರಲ್ಲಿ ಕೋಬಾಲ್ಟ್ ವಿಷ ಇರುತ್ತದೆ. ಕಿತ್ತಳೆ ಹಸಿರಾದಾಗ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಬಣ್ಣ ಮರಳುತ್ತದೆ. ಇಬ್ಬನಿ ಬಿದ್ದ ಐಪೀಸನ್ನು ಹಾಗೆಯೇ ಡಬ್ಬಿಗೆ ಹಾಕಬೇಡಿ. ಮನೆಗೆ ಬಂದ ಮೇಲೆ ಮುಚ್ಚಳ ತೆಗೆದು, ಗಾಜು ಒರೆಸದೆ, ಫ್ಯಾನ್ ಕೆಳಗೆ ಬೆಳಗಿನವರೆಗೆ ಬಿಡಿ.