ಮೆಲ್ಬರ್ನ್ ಸ್ಥಾಪಿಸಿದ್ದು ಬ್ಯಾಟ್‌ಮನ್ನೋ ಫಾಕ್ನರೋ?

ಮಗಳ ಶಾಲೆಯ ಪ್ರಬಂಧಕ್ಕೆ ನೋಡಿದ ಎರಡು ಪುಸ್ತಕಗಳು ಮೆಲ್ಬರ್ನ್ ಸ್ಥಾಪಕನೆಂದು ಎರಡು ಬೇರೆ ಹೆಸರು ಹೇಳುತ್ತವೆ, ಯಾವುದನ್ನು ಬರೆಸಲಿ ಎಂದು ಕೇಳಿದ್ದೀರಿ. ಇದಕ್ಕೆ ಕಾರಣ, 1835ರಲ್ಲಿ ಟಾಸ್ಮೇನಿಯಾ ದ್ವೀಪದಿಂದ ಪೈಪೋಟಿಯ ಎರಡು ತಂಡಗಳು ಬಂದದ್ದು. ಮೊದಲು ತಿಂಗಳುಗಳನ್ನು ಬೇರ್ಪಡಿಸಿ ಬರೆಸಿ. ಜೂನ್‌ನಲ್ಲಿ ಜಾನ್ ಬ್ಯಾಟ್‌ಮನ್ ಕಂಬಳಿ, ಕೊಡಲಿ, ಚಾಕು, ಹಿಟ್ಟು ಕೊಟ್ಟು, ಅಲ್ಲಿನ ಮೂಲನಿವಾಸಿಗಳಾದ ವುರುಂಡ್ಜೆರಿ ಜನರ ಹಿರಿಯರಿಂದ ಒಪ್ಪಂದದ ಮೂಲಕ ನೆಲ ಪಡೆದೆನೆಂದ. ಬ್ರಿಟಿಷ್ ವಸಾಹತು ನ್ಯೂ ಸೌತ್ ವೇಲ್ಸ್‌ನ ಗವರ್ನರ್ ಬರ್ಕ್ ಆಗಸ್ಟ್‌ನಲ್ಲೇ ಆ ಒಪ್ಪಂದವನ್ನು ಅನೂರ್ಜಿತಗೊಳಿಸಿದ. ಅದು ನಡೆದ ಜಾಗದ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ, ಹಾಗಾಗಿ ಸ್ಥಳ ನಮೂದಿಸಬೇಡಿ. ಆಗಸ್ಟ್ 30ರಂದು ಈಗಿನ ಮೆಲ್ಬರ್ನ್‌ನ ಯಾರಾ ನದಿದಡದಲ್ಲಿ ಇಳಿದು ನೆಲೆಯೂರಿದ್ದು ಜಾನ್ ಫಾಕ್ನರ್ ಕಳುಹಿಸಿದ ತಂಡ. ಫಾಕ್ನರ್ ತಾನೇ ಬಂದದ್ದು ಅಕ್ಟೋಬರ್‌ನಲ್ಲಿ.

ನಂತರ ಇಬ್ಬರನ್ನೂ ಸ್ಥಾಪಕರೆಂದು ಬರೆದು, ವಿಲಿಯಂ ಬರಾಕ್‌ಗೆ ಒಂದು ಪ್ಯಾರಾ ಖಂಡಿತ ಕೊಡಿ. ಬಾಲಕನಾಗಿ ಆ ಒಪ್ಪಂದವನ್ನು ಕಂಡೆನೆಂದು ಹೇಳಿದ ಈ ವುರುಂಡ್ಜೆರಿ ನಾಯಕ, ಚಿತ್ರಕಾರ ಇಲ್ಲದಿದ್ದರೆ ಕಥೆ ಅರ್ಧವೇ.