ಅನಂತಪುರದ ಪುಟಕ್ಕೆ ಉಲ್ಲೇಖ ಹಾಕುವ ಬಗ್ಗೆ

ಅಕ್ಕಾ, ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನದ ವಿಕಿಪೀಡಿಯ ಪುಟದ ಕೊನೆಗೆ ಇದ್ದ ಲಿಂಕ್ ಎಲ್ಲ ಹಾಕಿದ್ರೂ "ಉಲ್ಲೇಖ ಬೇಕು" ಅಂತ ಯಾಕೆ ಬರ್ತದೆ ಅಂತ ಕೇಳಿದ್ರಲ್ಲ, ಹಾಗೆ ಕೆಳಗೆ ರಾಶಿ ಹಾಕಿದ್ರೆ ಯಾವ ಮಾತಿಗೆ ಯಾವ ಲಿಂಕ್ ಆಧಾರ ಅಂತ ಓದುವವರಿಗೆ ಗೊತ್ತಾಗುದಿಲ್ಲ. ಉಲ್ಲೇಖ ಆಯಾ ವಾಕ್ಯದ ಬೆನ್ನಿಗೇ ಬರ್ಬೇಕು.

ಪೆನ್ಸಿಲ್ ಒತ್ತಿ ವಿಶುವಲ್ ಎಡಿಟಿಂಗ್‌ಗೆ ಹೋಗಿ, ವಾಕ್ಯದ ಕೊನೆಗೆ ಕರ್ಸರ್ ಇಟ್ಟು ಮೇಲಿರುವ ಉದ್ಧರಣ ಚಿಹ್ನೆಯ ಬಟನ್ ಒತ್ತಿ, ಕಂಪ್ಯೂಟರಲ್ಲಾದ್ರೆ ಕಂಟ್ರೋಲ್ ಶಿಫ್ಟ್ ಕೆ. ಪೇಪರಿನ ಲಿಂಕ್ ಅಥವಾ ಪುಸ್ತಕದ ಐಎಸ್‌ಬಿಎನ್ (ಪುಸ್ತಕದ ಮೇಲೆ ಅಚ್ಚಾಗಿರುವ ಗುರುತಿನ ಸಂಖ್ಯೆ) ಕೊಟ್ರೆ ಹೆಚ್ಚಿನ ವಿವರ ಅದೇ ತುಂಬಿಸ್ತದೆ. ಆದ್ರೆ ನೋಡದೆ ಸೇರಿಸ್ಬೇಡಿ, ಕನ್ನಡ ಪೇಪರುಗಳ ಲಿಂಕಲ್ಲಿ ಎಷ್ಟೋ ಸಲ ಶೀರ್ಷಿಕೆ, ತಾರೀಕು ಅದಲು ಬದಲು ಆಗಿರ್ತದೆ, ತಿದ್ದಿಯೇ ಹಾಕಿ. ಅದೇ ಆಧಾರ ಇನ್ನೊಂದು ವಾಕ್ಯಕ್ಕೂ ಬೇಕಾದ್ರೆ ಹೊಸತು ಮಾಡ್ಲಿಕ್ಕೆ ಹೋಗ್ಬೇಡಿ, ಅಲ್ಲೇ ಮರುಬಳಕೆ ಅಂತ ಉಂಟು.

ಇನ್ನು ದೇವಸ್ಥಾನದ ಕೆರೆಯಲ್ಲಿದ್ದ ಬಬಿಯಾ ಮೊಸಳೆಯ ವಿಷಯ. ಅದು 2022ರ ಅಕ್ಟೋಬರ್ 9ಕ್ಕೆ ತೀರಿಹೋದ್ದು ಎಲ್ಲ ಪೇಪರಲ್ಲೂ ಬಂದಿದೆ, ಒಂದು ಸುದ್ದಿ ಸಾಕು. ಆದ್ರೆ ಅದು ನೈವೇದ್ಯ ಬಿಟ್ಟು ಬೇರೆಂತದ್ದೂ ತಿಂತಿರ್ಲಿಲ್ಲ, ಎಪ್ಪತ್ತೈದು ವರ್ಷ ಬದುಕಿತ್ತು ಅನ್ನುವುದನ್ನು ಪೇಪರಿನವರೂ ದೇವಸ್ಥಾನದವರು ಹೇಳಿದ್ದು ಅಂತಲೇ ಬರೆದದ್ದು. ಹಾಗಾಗಿ ನೀವೂ "ದೇವಸ್ಥಾನದವರ ಪ್ರಕಾರ" ಅಂತ ಸೇರಿಸಿ ಆಮೇಲೆ ಉಲ್ಲೇಖ ಕೊಡಿ. ತಿರುವನಂತಪುರದ ಪದ್ಮನಾಭಸ್ವಾಮಿಯ ಮೂಲಸ್ಥಾನ ಇದೇ ಅನ್ನುವ ಮಾತಿಗೂ ಹಾಗೆಯೇ, ಅದು ನಂಬಿಕೆ. ನಂಬಿಕೆ ಅಂತ ಬರೆದ್ರೆ ದೇವಸ್ಥಾನಕ್ಕೆ ಎಂತ ಕಡಿಮೆಯೂ ಆಗುದಿಲ್ಲ, ನಮ್ಮ ಊರಿನ ಪುಟವನ್ನು ಹೊರಗಿನವರು ನಂಬಿ ಓದ್ಬೇಕು ಅಂತ ನನಗೆ ತುಂಬ ಆಸೆ.

ಮಲಯಾಳಂ ಪೇಪರಿನ ಸುದ್ದಿ ಕೊಡ್ಬಹುದಾ ಅಂತ ಹಿಂಜರಿಬೇಡಿ, ಧಾರಾಳ ಕೊಡಿ, ಆಧಾರ ಕನ್ನಡದಲ್ಲೇ ಇರ್ಬೇಕು ಅಂತ ಇಲ್ಲ. ಫೇಸ್‌ಬುಕ್ ಪೋಸ್ಟು, ವಾಟ್ಸಾಪಲ್ಲಿ ಬಂದದ್ದು ಮಾತ್ರ ಬೇಡ. ಪೇಪರಿನ ಹಳೇ ಲಿಂಕ್ ಒಂದೆರಡು ವರ್ಷದಲ್ಲೇ ಸತ್ತುಹೋಗುದುಂಟು, ಅದಕ್ಕೆ ವೆಬ್ ಪುಟಗಳ ಪ್ರತಿ ತೆಗೆದಿಡುವ ವೇಬ್ಯಾಕ್ ಮೆಷಿನ್ ಅನ್ನುವ ತಾಣದಲ್ಲಿ ಈಗಲೇ ಉಳಿಸಿ ಆ ವಿಳಾಸವನ್ನೂ ಜೊತೆಗೆ ಹಾಕಿ.

ನಿಮ್ಮ ಮನೆಯಲ್ಲಿರುವ ಬ್ರಹ್ಮಕಲಶದ ಸ್ಮರಣ ಸಂಚಿಕೆಗೆ ಲಿಂಕೂ ಇಲ್ಲ, ಐಎಸ್‌ಬಿಎನ್ನೂ ಇಲ್ಲ ಅಂದ್ರಲ್ಲ, ತೊಂದರೆ ಇಲ್ಲ, ಕೈಯಲ್ಲೇ ತುಂಬಿಸುವ ಫಾರ್ಮ್ ಉಂಟು. ಲೇಖನದ ಹೆಸರು, ಬರೆದವರು, ಸಂಚಿಕೆಯ ಹೆಸರು, ಪ್ರಕಾಶಕರು, ಇಸವಿ, ಮುಖ್ಯವಾಗಿ ಪುಟ ಸಂಖ್ಯೆ. ಪುಟ ಸಂಖ್ಯೆ ಇಲ್ಲದಿದ್ರೆ ಇನ್ನೊಬ್ಬರು ಹುಡುಕಿ ನೋಡುದು ಹೇಗೆ? ಮುಖಪುಟದ್ದೂ ಆ ಲೇಖನದ್ದೂ ಫೋಟೋ ತೆಗೆದು ಇಲ್ಲಿ ಹಾಕಿ, ಯಾವುದನ್ನು ಎಲ್ಲಿ ತುಂಬಿಸುದು ಅಂತ ಹೇಳ್ತೇನೆ.